ಒಂದು ಬಗೆಯ ಮೀನು

ಗದಗ-ಬೆಟಗೇರಿಯ ಹೆಸರೆತ್ತಿದೊಡನೆ ಸಾಹಿತ್ಯಾಭಿಮಾನಿಗಳಿಗೆ ವೀರನಾರಾಯಣನ ಗುಡಿಯೂ ಕುಮಾರವ್ಯಾಸನೂ ನೆನಪಾಗುತ್ತಾರೆ. ಲಕ್ಷ್ಮೇಶ್ವರವೆಂದರೆ ಪಂಪನು ಅಭಿಮಾನದಿಂದ ಹೆಸರಿಸಿದ ಪುಲಿಗೆರೆಯ ತಿರುಳ್ಗನ್ನಡ. ಶಿರಹಟ್ಟಿಯೆಂದರೆ ಫಕೀರೇಶ್ವರನ ಮಠ, ಮುಂಡರಗಿಯೆಂದರೆ 1858ರ ಬಂಡಾಯದ ಭೀಮರಾಯ. ಈ ನಾಲ್ಕು ಊರುಗಳ ಮಾತು ಬಂದಾಗ ಮೀನನ್ನು ನೆನೆಯುವವರು ಯಾರೂ ಇರಲಾರರು. ಕಪ್ಪತಗುಡ್ಡದ ಸುತ್ತ ಹಬ್ಬಿದ ಎರೆಯ ಸೀಮೆ ಇದು. ಜೋಳ, ಕಡಲೆ, ಹತ್ತಿಗಳ ನಾಡು. ಮೋಡವನ್ನು ನೋಡುತ್ತ ಕೂಡುವವರ ನಾಡು.

ಆದರೂ ಪುಲಿಗೆರೆಯ ಹೆಸರಿನಲ್ಲಿಯೇ ಒಂದು ಕೆರೆಯಿದೆಯಷ್ಟೆ. ಮಳೆ ಕಡಿಮೆಯಾದ ನೆಲದಲ್ಲಿ ನಮ್ಮ ಹಿರಿಯರು ಕೆರೆಗಳನ್ನು ಕಟ್ಟಿದರು, ಅವುಗಳ ದುರಸ್ತಿಗಾಗಿ ಭೂಮಿಯನ್ನು ಬಿಟ್ಟು ಶಾಸನ ಬರೆಸಿದರು. ದಂಬಳದ ಕೆರೆ, ಶಿರಹಟ್ಟಿಯ ಕಡೆಯ ಮಾಗಡಿ ಕೆರೆ, ಲಕ್ಕುಂಡಿಯ ಬಾವಿ-ಕಲ್ಯಾಣಿಗಳು, ತೆಂಕಣ ಅಂಚಿನಲ್ಲಿ ಹರಿಯುವ ತುಂಗಭದ್ರೆ. ಗದಗಿನ ಕೆರೆಗಂತೂ ಭೀಷ್ಮನ ಹೆಸರು. ಬೆಸ್ತರ ಮಗಳನ್ನು ತಂದೆಗೆ ತಂದುಕೊಡುವುದಕ್ಕಾಗಿ ಸಿಂಹಾಸನವನ್ನೇ ಬಿಟ್ಟವನು ಭೀಷ್ಮ. ಭಾರತವನ್ನು ಮನೆಮನೆಯಲ್ಲಿ ಓದಿದ ನಮ್ಮ ಊರು ಮತ್ಸ್ಯಗಂಧಿಯ ಕುಲದವರ ಕಸುಬಿನ ಕಡೆಗೆ ಮಾತ್ರ ಮೂಗು ಮುಚ್ಚಿಕೊಂಡು ನಡೆದದ್ದು ಸೋಜಿಗವೇ ಸರಿ.

ನಾನೂ ಹಾಗೆ ನಡೆದವನೇ. ಬೆಟಗೇರಿಯ ನೇಕಾರರ ಓಣಿಯ ಪಕ್ಕದಲ್ಲಿ ನಮ್ಮ ಮನೆ. ಗುಂಡುಸೂಜಿಯನ್ನು ಬಗ್ಗಿಸಿ, ಮಗ್ಗದ ಮನೆಯಿಂದ ನೂಲು ಬೇಡಿ ತಂದು, ಜೋಳದ ದಂಟಿನ ಬೆಂಡನ್ನು ಕಟ್ಟಿ, ಗೆಳೆಯರೊಡನೆ ಭೀಷ್ಮಕೆರೆಯ ದಂಡೆಯಲ್ಲಿ ಒಂದು ಮಧ್ಯಾಹ್ನ ಕುಳಿತಿದ್ದೆ. ರೊಟ್ಟಿಯ ಚೂರಿಗೆ ಬೆರಳುದ್ದದ ಮೀನೊಂದು ಸಿಕ್ಕಿತು. ಅದನ್ನು ಏನು ಮಾಡಬೇಕೆಂದು ತಿಳಿಯದೆ ತಿರುಗಿ ನೀರಿಗೇ ಬಿಟ್ಟೆವು. ಸುದ್ದಿ ನನಗಿಂತ ಮೊದಲೇ ಮನೆ ಸೇರಿತ್ತು. ಅವ್ವ ನನ್ನನ್ನು ಬಾಗಿಲ ಹೊರಗೇ ನಿಲ್ಲಿಸಿ ನೀರು ಸುರಿದಳು. ಅಲ್ಲಿಗೆ ನನ್ನ ಮತ್ಸ್ಯವಿದ್ಯೆ ಮುಗಿಯಿತು.

ಮುಂದೆ ಧಾರವಾಡದಲ್ಲಿ ಎಂ.ಎ. ಮುಗಿಸಿ ಅಧ್ಯಾಪಕನಾದೆ. 1990ರ ದಶಕದ ಒಂದು ದಿನ ಹಳಗನ್ನಡದ ಸರೋವರವರ್ಣನೆಯೊಂದನ್ನು ಪಾಠ ಮಾಡುತ್ತಿದ್ದಾಗ ಬಾಳೆ ಎಂಬ ಮೀನಿನ ಮಾತು ಬಂತು. ನೀರೊಳಗೆ ಬಾಳೆಗಿಡ ಹೇಗೆ ಬಂತೆಂದು ಹುಡುಗಿಯೊಬ್ಬಳು ಕೇಳಿದಳು. ತರಗತಿ ನಕ್ಕಿತು. ನಾನು ಗಂಭೀರವಾಗಿ, “ಇಲ್ಲಿ ಬಾಳೆಯೆಂದರೆ ಒಂದು ಬಗೆಯ ಮೀನು” ಎಂದು ಹೇಳಿ ಮುಂದಿನ ಪದ್ಯಕ್ಕೆ ಹೋದೆ. ನಿಘಂಟಿನಲ್ಲಿಯೂ ಅಷ್ಟೇ ಇತ್ತು. ಕಿಟೆಲ್ ಮಹಾಶಯನ 1894ರ ಕೋಶದಿಂದ ಹಿಡಿದು ಈಚಿನವುಗಳವರೆಗೆ ನಮ್ಮ ಕೋಶಗಳನ್ನು ತೆರೆದು ನೋಡಿ. ಹೂವಿಗೆ, ಹಣ್ಣಿಗೆ, ಆಭರಣಕ್ಕೆ ವಿವರಣೆ ದೊರೆಯುತ್ತದೆ, ಮೀನಿನ ಹೆಸರುಗಳ ಮುಂದೆ ಮತ್ತೆ ಮತ್ತೆ ‘ಒಂದು ಬಗೆಯ ಮೀನು’ ಎಂಬ ಅದೇ ಉತ್ತರ ಎದುರಾಗುತ್ತದೆ.

ಪಾಠ ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಸಂಕೋಚದಿಂದ ಬಂದು ನಿಂತ. ಮುಂಡರಗಿಯ ಕಡೆಯ ಹೊಳೆಸಾಲಿನವನು, ಅಂಬಿಗರ ಮನೆಯವನು. “ಸರ, ಬಾಳಿ ಮೀನಕ್ಕ ಹುರುಪಿ ಇರೂದಿಲ್ರಿ. ಉದ್ದಕ ಬೆಳ್ಳಗ ಕತ್ತಿ ಇದ್ಹಂಗ ಇರತೈತಿ. ಬಾಯಿ ಬಾಳ ದೊಡ್ಡದು, ಸಣ್ಣ ಮೀನ ನುಂಗತೈತ್ರಿ. ನೀರಾಗ ಹೊಳ್ಳಿದ್ರ ಮಿಂಚಿದ್ಹಂಗ ಕಾಣತೈತಿ” ಎಂದ. ನಾನು ದಂಗಾದೆ. ಬಾಳ್ ಎಂದರೆ ಕತ್ತಿ. ತಮಿಳಿನಲ್ಲಿ ಕತ್ತಿಗೆ ವಾಳ್, ಇದೇ ಮೀನಿಗೆ ವಾಳೈ. ಕವಿ ನೀರಿನಲ್ಲಿ ಕಂಡ ಹೊಳಪು ಯಾವುದೆಂಬುದು ಹುಡುಗನಿಗೆ ತಿಳಿದಿತ್ತು, ನನಗೆ ತಿಳಿದಿರಲಿಲ್ಲ. ಅವನನ್ನು ತರಗತಿಯ ಎದುರಿಗೆ ನಿಲ್ಲಿಸಿ ಅದನ್ನು ಹೇಳಿಸಬೇಕಾಗಿತ್ತು. ಹೇಳಿಸಲಿಲ್ಲ. ಆ ಕೊರಗು ಇಂದಿಗೂ ಇದೆ.

ಆ ಕೊರಗೇ ನನ್ನನ್ನು ಸೋಮೇಶ್ವರನ ಕಡೆಗೆ ತಿರುಗಿಸಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ, ಭೂಲೋಕಮಲ್ಲನೆಂಬ ಬಿರುದಿನವನು, ಆರನೆಯ ವಿಕ್ರಮಾದಿತ್ಯನ ಮಗ. 1126ರ ಸುಮಾರಿನಿಂದ 1138ರವರೆಗೆ ಆಳಿದ ಅವನ ರಾಜ್ಯದಲ್ಲಿ ನಮ್ಮ ಪುಲಿಗೆರೆ, ಲೊಕ್ಕಿಗುಂಡಿ, ದಂಬಳಗಳೆಲ್ಲ ಸೇರಿದ್ದವು. ಅವನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ ಸುಮಾರು 1129ರದು. ‘ಅಭಿಲಷಿತಾರ್ಥಚಿಂತಾಮಣಿ’ಯೆಂಬುದು ಅದರ ಇನ್ನೊಂದು ಹೆಸರು. ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯಗಳು. ಸಂಗೀತದವರು ಅದನ್ನು ಓದುತ್ತಾರೆ, ಚಿತ್ರಕಲೆಯವರು ಓದುತ್ತಾರೆ. ಅಡಿಗೆಯ ಚರಿತ್ರೆ ಬರೆಯುವವರು ದೋಸೆ-ಇಡ್ಲಿಗಳ ಪೂರ್ವಜರನ್ನು ಅಲ್ಲಿ ಹುಡುಕುತ್ತಾರೆ. ನಾನೂ ಅದರ ಮೇಲೆ ಉಪನ್ಯಾಸ ಕೊಟ್ಟವನೇ. ಆದರೆ ನಾಲ್ಕನೆಯ ವಿಂಶತಿಯಲ್ಲಿರುವ ‘ಮತ್ಸ್ಯವಿನೋದ’ದ ಪುಟಗಳನ್ನು ಪ್ರತಿಸಲವೂ ಮಗುಚಿ ಹಾಕುತ್ತಿದ್ದೆ.

ಅದು ಗಾಳ ಹಾಕುವ ವಿದ್ಯೆಯ ಅಧ್ಯಾಯ. ಕಡಲಿನ ಮೀನು, ಹೊಳೆಯ ಮೀನು ಎಂದು ವಿಂಗಡಿಸಿ ಸುಮಾರು 35 ಬಗೆಯ ಮೀನುಗಳನ್ನು ರಾಜ ವಿವರಿಸುತ್ತಾನೆ. ಹುರುಪೆಯುಳ್ಳವು ಒಂದು ಗುಂಪು, ಬರಿಯ ತೊಗಲಿನವು ಇನ್ನೊಂದು ಗುಂಪು. ದೊಡ್ಡವು, ನಡುವಿನವು, ಸಣ್ಣವು. ಯಾವ ಮೀನಿಗೆ ಯಾವ ತಿನಿಸು, ಕೋಲು ಹೇಗಿರಬೇಕು, ನೂಲು ಹೇಗಿರಬೇಕು, ಗಾಳ ಎಂಥದು ಎಂಬುದೆಲ್ಲ ಶ್ಲೋಕಗಳಲ್ಲಿ ಬರುತ್ತದೆ. ಗಾಳ ಹಾಕುವುದಕ್ಕೆ ಮುಂಚೆ ಮೀನುಗಳಿಗೆ ತಿನಿಸಿನ ರೂಢಿ ಮಾಡಿಸಬೇಕೆಂಬ ಗುಟ್ಟೂ ಇದೆ. ನನ್ನ ವಿದ್ಯಾರ್ಥಿ ಮೊದಲು ಹೇಳಿದ ಮಾತು ಯಾವುದು? ಹುರುಪೆ ಇಲ್ಲವೆಂಬುದು. ರಾಜನ ವಿಂಗಡಣೆಯೂ ಅದನ್ನೇ ಆಧರಿಸಿದೆ.

ಗಾಳದ ವಿದ್ಯೆಯ ಮೊತ್ತಮೊದಲ ಪುಸ್ತಕ ಇದೇ ಎಂದು ಕೊಚ್ಚಿಕೊಳ್ಳಬೇಕಾಗಿಲ್ಲ. ಗ್ರೀಕ್ ಕವಿ ಒಪ್ಪಿಯನ್ ಎರಡನೆಯ ಶತಮಾನದಲ್ಲಿಯೇ ಮೀನುಗಾರಿಕೆಯ ಮೇಲೆ ಕಾವ್ಯ ಬರೆದಿದ್ದ. ಆದರೆ ಇಂಗ್ಲಿಷಿನಲ್ಲಿ ಗಾಳದ ಮೇಲಿನ ಪ್ರಸಿದ್ಧ ಪ್ರಬಂಧ ಅಚ್ಚಾದದ್ದು 1496ರಲ್ಲಿ. ಐಸಾಕ್ ವಾಲ್ಟನ್ನನ ಪುಸ್ತಕ 1653ರದು. ಕಾಲೇಜಿನಲ್ಲಿ ವಾಲ್ಟನ್ನನ ಹೆಸರು ಕೇಳಿದ್ದ ನಮಗೆ ನಮ್ಮ ದೊರೆಯ ಅಧ್ಯಾಯದ ಹೆಸರು ತಿಳಿದಿರಲಿಲ್ಲ. ಅದನ್ನು ಶ್ರದ್ಧೆಯಿಂದ ಓದಿ 1951ರಲ್ಲಿ ಕಲಕತ್ತೆಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದವರು ಪಂಜಾಬಿನ ಪ್ರಾಣಿಶಾಸ್ತ್ರಜ್ಞ ಸುಂದರಲಾಲ ಹೋರಾ. ಕನ್ನಡ ವಿದ್ವಾಂಸರು ಮಾಡಬೇಕಾದ ಕೆಲಸವನ್ನು ಮೀನಿನ ವಿಜ್ಞಾನಿ ಮಾಡಿದರು.

ನನ್ನ ಕುತೂಹಲ ಬೇರೆಯದು. ರಾಜನಿಗೆ ಇದನ್ನೆಲ್ಲ ಹೇಳಿಕೊಟ್ಟವರು ಯಾರು? ಬಿಲ್ಲುವಿದ್ಯೆಗೆ ಗುರುಗಳಿದ್ದರು, ಸಂಗೀತಕ್ಕೆ ಗುರುಗಳಿದ್ದರು. ಹೊಳೆಯ ಯಾವ ಮಡುವಿನಲ್ಲಿ ಯಾವ ಮೀನು ಮಲಗುತ್ತದೆಂಬುದನ್ನು ಅರಮನೆಯ ಪಂಡಿತರು ಹೇಳಿರಲಾರರು. ದಂಡೆಯ ಮೇಲೆ ಕೈಕಟ್ಟಿ ನಿಂತ ಬೆಸ್ತನೊಬ್ಬ ಹೇಳಿರಬೇಕು. ಅವನು ತನ್ನ ಮಾತಿನಲ್ಲಿಯೇ ಹೇಳಿರಬೇಕು. ಆ ಪಟ್ಟಿಯ ‘ಸೊರ’ ಎಂಬ ಕಡಲಮೀನಿನ ಹೆಸರನ್ನು ಉಚ್ಚರಿಸಿ ನೋಡಿ, ತಮಿಳರ ಸುರಾ ಅಲ್ಲಿ ಈಜುತ್ತಿರುವಂತೆ ತೋರುತ್ತದೆ. ಸಂಸ್ಕೃತದ ಉಡುಗೆ ತೊಟ್ಟ ದೇಶೀ ಶಬ್ದವದು. ಸೋಮೇಶ್ವರ ಆಳುತ್ತಿದ್ದಾಗ ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನ ತಲೆಯೆತ್ತಿದ್ದ. ರಾಜ್ಯ ಸಡಿಲುತ್ತಿರುವಾಗ ಇವನು ಮೀನಿನ ಲೆಕ್ಕ ಬರೆಯುತ್ತ ಕುಳಿತಿದ್ದನೆಂದು ಇತಿಹಾಸದ ಮೇಷ್ಟ್ರುಗಳು ಹಗುರಾಗಿ ಆಡುವುದುಂಟು. ಗೆದ್ದ ಕೋಟೆಗಳ ಲೆಕ್ಕ ಬರೆಸಿದ ಅರಸರು ಬೇಕಾದಷ್ಟಿದ್ದಾರೆ. ಬೆಸ್ತನ ಮಾತಿಗೆ ಕಿವಿಗೊಟ್ಟ ಅರಸನನ್ನು ನಾನು ಹಗುರಾಗಿ ಕಾಣಲಾರೆ. ಆ ಬೆಸ್ತನ ಹೆಸರನ್ನೂ ಒಂದು ಶ್ಲೋಕದಲ್ಲಿ ಸೇರಿಸಬಹುದಾಗಿತ್ತು ಎಂಬುದೊಂದೇ ನನ್ನ ತಕರಾರು. ಅದೇ ಶತಮಾನದಲ್ಲಿ ಇದೇ ತುಂಗಭದ್ರೆಯ ದಂಡೆಯ ಚೌಡಯ್ಯ ತನ್ನ ಹೆಸರಿನ ಹಿಂದೆ ಅಂಬಿಗನೆಂದು ತಾನೇ ಹೇಳಿಕೊಂಡು ವಚನ ರಚಿಸಿದ. ಅದು ನಮ್ಮ ಪುಣ್ಯ.

ನಿವೃತ್ತನಾದ ಮೇಲೆ ಆ ಹಳೆಯ ವಿದ್ಯಾರ್ಥಿಯನ್ನು ಹುಡುಕಿದೆ. ಅವನೂ ಈಗ ಮಾಸ್ತರ. ಮಳೆಗಾಲದ ಕೆನ್ನೀರು ತಿಳಿಯಾದ ಹೊತ್ತಿನಲ್ಲಿ ನನ್ನನ್ನು ಸಿಂಗಟಾಲೂರಿಗೆ ಕರೆದೊಯ್ದ. ವೀರಭದ್ರನ ದರ್ಶನ ಮುಗಿಸಿ ಹೊಳೆಗಿಳಿದೆವು. ಅವನ ಸೋದರಮಾವ, ಎಂಬತ್ತರ ಹತ್ತಿರದ ಹಿರಿಯ, ಅಲ್ಲಿ ಕಾಯುತ್ತಿದ್ದ. ಜೋಳದ ಹಿಟ್ಟಿಗೆ ಪುಟಾಣಿ ಹಿಟ್ಟು, ಶೇಂಗಾ ಹಿಂಡಿ ಕೂಡಿಸಿ ನಾದಿ ಉಂಡೆ ಮಾಡಿಕೊಂಡಿದ್ದ. ಅದು ಗೆಂಡೆಗೆ. ತೊಗಲಿನ ಮೀನಿಗೆ ಬೇರೆ ಡಬ್ಬಿಯಲ್ಲಿ ಎರೆಹುಳು. “ಮೂರು ದಿನಾ ಆತ್ರಿ ಸರ, ಇದ ಜಾಗಾದಾಗ ಉಂಡಿ ಒಗಿಯಾಕ ಹತ್ತಿ. ಉಂಡ ರೂಢಿ ಆಗಬೇಕು, ಆಮ್ಯಾಲ ಗಾಳ” ಎಂದ. ಮಾನಸೋಲ್ಲಾಸದ ಮಾತು! ನಾನು ಆ ಗ್ರಂಥದ ಪ್ರಸ್ತಾಪ ಮಾಡಿದಾಗ ಅವನು ನಕ್ಕು, “ರಾಜಗ ಹೊತ್ತು ಹೋಗಲಾರದಕ್ಕ ಹಿಡದಿರಬೇಕ್ರಿ” ಎಂದನೇ ಹೊರತು ಬೆರಗಾಗಲಿಲ್ಲ.

ಬೆಂಡು ಮುಳುಗಿತು. ಅವನು ಎಳೆಯಲಿಲ್ಲ, ನೂಲು ಬಿಟ್ಟ. ಮೀನು ಓಡಿತು, ನಿಂತಿತು, ಮತ್ತೆ ಓಡಿತು. “ಜಗ್ಗಿದ್ರ ತುಟಿ ಹರಕೊಂಡು ಹೋಕೈತಿ. ದಣಿಯಾಕ ಬಿಡಬೇಕು.” ಕಾಲು ಗಂಟೆಯ ಮೇಲೆ ದಂಡೆಗೆ ಬಂದದ್ದು ಅಗಲ ಹುರುಪೆಯ ಮೀನು. ತುಟಿಯ ಅಂಚಿನಲ್ಲಿ ಸೀರೆಯ ಕುಚ್ಚಿನಂತೆ ಸಣ್ಣ ನೆರಿಗೆಗಳು. ಹುರುಪೆಗಳ ನಡುನಡುವೆ ಕುಂಕುಮ ತಾಗಿಸಿದಂತೆ ಕೆಂಪು. ಹೆಸರೇನೆಂದು ಕೇಳಿದೆ. “ಕೆಂಪ ಮೀನ್ರಿ” ಎಂದ.

ಆಗ ಥಟ್ಟನೆ ಹೊಳೆಯಿತು. ರಾಜನ ಪಟ್ಟಿಯಲ್ಲಿ ‘ರೋಹಿತ’ವಿದೆ. ರೋಹಿತವೆಂದರೆ ಕೆಂಪು. ಇಂದು ಪೇಟೆಯಲ್ಲಿ ರೋಹು ಎಂದು ಮಾರುವ ಮೀನು ಗಂಗಾ ಬಯಲಿನದು. ಕೃಷ್ಣಾ-ತುಂಗಭದ್ರೆಗಳಿಗೆ ಅದನ್ನು ತಂದು ಬಿಟ್ಟದ್ದು ಇಪ್ಪತ್ತನೆಯ ಶತಮಾನದಲ್ಲಿ. ಸೋಮೇಶ್ವರನ ಕಾಲದಲ್ಲಿ ಅದು ಇಲ್ಲಿರಲಿಲ್ಲ. ಹಾಗಾದರೆ ಅವನ ರೋಹಿತ ಯಾವುದು? ಆ ಹೆಸರಿಲ್ಲದ ಬೆಸ್ತ ಹೇಳಿದ ಕೆಮ್ಮೀನನ್ನೇ ರಾಜ ಸಂಸ್ಕೃತಕ್ಕೆ ತಿರುಗಿಸಿ ರೋಹಿತವೆಂದು ಬರೆದನೆಂಬುದು ನನ್ನ ಊಹೆ. ಪಂಡಿತರು ಅಲ್ಲಗಳೆಯಬಹುದು, ಅಲ್ಲಗಳೆಯುವ ಮೊದಲು ಒಮ್ಮೆ ಹೊಳೆಗೆ ಹೋಗಿಬರಲಿ.

ಆದರೆ ಹೋದವರಿಗೆಲ್ಲ ಆ ಮೀನು ಸಿಗುವ ಭರವಸೆಯಿಲ್ಲ. 1953ರಲ್ಲಿ ಹೊಸಪೇಟೆಯ ಬಳಿ ಅಣೆಕಟ್ಟಿನಲ್ಲಿ ನೀರು ನಿಂತಿತು. ಈಚೆಗೆ ಹಮ್ಮಿಗಿಯ ಬಳಿ ಬ್ಯಾರೇಜು ಬಂತು. ಒಣಹೊಲಗಳಿಗೆ ನೀರು ಬೇಕು; ಅದನ್ನು ಬೇಡವೆನ್ನಲು ನಾನು ಯಾರು? ಆದರೆ ಹೊಸನೀರಿಗೆ ಎದುರೇರಿ ಮೊಟ್ಟೆಯಿಡುವ ಮೀನುಗಳಿಗೆ ಗೋಡೆ ಅಡ್ಡವಾಯಿತು. 1952ರಲ್ಲಿ ಭಾರತಕ್ಕೆ ಬಂದ ಆಫ್ರಿಕೆಯ ಜಿಲೇಬಿ ಮೀನು ಈಗ ನಾಡಿನ ಕೆರೆಗಳನ್ನೆಲ್ಲ ಹಬ್ಬಿದೆ. ಸರಕಾರ 2000ದಲ್ಲಿಯೇ ನಿಷೇಧಿಸಿದ ಆಫ್ರಿಕನ್ ಕ್ಯಾಟ್‌ಫಿಶ್ ಕಳ್ಳದಾರಿಯಲ್ಲಿ ಬಂದು ಸೇರುತ್ತಿದೆ. ಮಾಗಡಿ ಕೆರೆಗೆ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆಯ ಹೆಬ್ಬಾತುಗಳ ದೆಸೆಯಿಂದ 2024ರಲ್ಲಿ ಅದಕ್ಕೆ ರಾಮ್ಸಾರ್ ಮನ್ನಣೆ ದೊರೆಯಿತು, ಸಂತೋಷ. ಹಕ್ಕಿಯನ್ನು ಆಕಾಶದಲ್ಲಿ ಕಾಣಬಹುದು, ಎಣಿಸಬಹುದು. ನೀರೊಳಗಿನದನ್ನು ಬಲ್ಲವರು ಬಲೆ ಬೀಸುವವರು ಮಾತ್ರ.

ಮಾವ-ಅಳಿಯಂದಿರು ಆ ದಿನ ದಂಡೆಯ ಮೇಲೆ ಕುಳಿತು ಹೇಳುತ್ತ ಹೋದರು, ನಾನು ನೋಟುಪುಸ್ತಕದಲ್ಲಿ ಬರೆಯುತ್ತ ಹೋದೆ: ಹೆಸರು, ಹುರುಪೆ ಇದೆಯೋ ಇಲ್ಲವೋ, ಹರಿವ ನೀರಿನದೋ ನಿಂತ ನೀರಿನದೋ, ಯಾವ ತಿನಿಸಿಗೆ ಬರುತ್ತದೆ. ಕೆಲವು ಹೆಸರುಗಳನ್ನು ಅಳಿಯ ಕೇಳಿಯೇ ಇರಲಿಲ್ಲ. ಒಂದೆರಡರ ಹತ್ತಿರ ಹಿರಿಯನೇ ತಡೆದು, “ಇದನ್ನ ನಮ್ಮಪ್ಪ ಅಂತಿದ್ದ, ನಾ ಕಣ್ಣೀಲೆ ಕಂಡಿಲ್ರಿ” ಎಂದ. ಆ ಹೆಸರುಗಳ ಮುಂದೆ ಏನು ಬರೆಯಬೇಕೆಂದು ತೋಚದೆ ಜಾಗ ಖಾಲಿ ಬಿಟ್ಟಿದ್ದೇನೆ. ಹಿರಿಯ ಕಳೆದ ಬೇಸಿಗೆಯಲ್ಲಿ ತೀರಿಕೊಂಡ. ಶಿರಹಟ್ಟಿ ತಾಲೂಕಿನ ಹೊಳೆಸಾಲಿನಲ್ಲಿ ಅವನ ವಾರಿಗೆಯವರು ಒಬ್ಬಿಬ್ಬರಿದ್ದಾರೆಂದು ಅಳಿಯ ಹೇಳಿದ್ದಾನೆ. ಈ ಸಲದ ಕೆನ್ನೀರು ತಿಳಿಯಾಗುವುದನ್ನು ನಾವಿಬ್ಬರೂ ಕಾಯುತ್ತಿದ್ದೇವೆ.