ಹಿಮಾಲಯ ಚಾರಣದಲ್ಲಿ ಅಕಾಲಿಕ ಹಿಮಪಾತ

ಹಿಮಾಲಯದ ಎತ್ತರದ ಹಾದಿಗಳಲ್ಲಿ ಮೇ–ಜೂನ್ ಹಾಗೂ ಸೆಪ್ಟೆಂಬರ್–ಅಕ್ಟೋಬರ್ ಚಾರಣಕ್ಕೆ ಹದವಾದ ತಿಂಗಳುಗಳು. ಈ ತಿಂಗಳುಗಳಲ್ಲೇ ಕೆಲವೊಮ್ಮೆ ಎರಗುವ ಹಿಮ, ಆಲಿಕಲ್ಲು ಮತ್ತು ಹಿಮಗಾಳಿಯ ಹೊಡೆತವನ್ನು ಅಕಾಲಿಕ ಹಿಮಪಾತ ಎನ್ನಬಹುದು. ಜನವರಿಯ ಹಿಮಕ್ಕೆ ಹೋಗುವವರು ಅದಕ್ಕೆ ತಕ್ಕಂತೆ ಸಜ್ಜಾಗಿ ಹೋಗುತ್ತಾರೆ. ಇದು ಬೀಳುವುದು ಬೇಸಿಗೆಯ ಬಟ್ಟೆಯಲ್ಲಿರುವವರ ಮೇಲೆ. ಅಪಾಯ ಹೆಚ್ಚುವುದೂ ಅದರಿಂದಲೇ.

ಪ್ರತಿ 1,000 ಮೀಟರ್ ಏರಿದಂತೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಸುಮಾರು 1,150 ಮೀಟರ್ ಎತ್ತರದ ಉತ್ತರಕಾಶಿ ಪಟ್ಟಣದಲ್ಲಿ 30 ಡಿಗ್ರಿ ಬಿಸಿಲಿದ್ದರೆ, 4,500 ಮೀಟರ್ ಎತ್ತರದ ಹುಲ್ಲುಗಾವಲಿನಲ್ಲಿ ಹೆಚ್ಚೆಂದರೆ 8 ಡಿಗ್ರಿ. ಅಲ್ಲಿಂದ ಸೊನ್ನೆಗೆ ಇಳಿಯಲು ಒಂದು ದಟ್ಟ ಮೋಡ, ಒಂದು ಜೋರು ಮಳೆ ಸಾಕು. ಮೆಡಿಟರೇನಿಯನ್ ಕಡೆಯಿಂದ ಬರುವ ವೆಸ್ಟರ್ನ್ ಡಿಸ್ಟರ್ಬೆನ್ಸ್ ಎಂಬ ಹವಾವ್ಯವಸ್ಥೆಗಳು ಚಳಿಗಾಲದಲ್ಲಿ ಹೆಚ್ಚು. ಆದರೆ ಮೇ, ಜೂನ್‌ನಲ್ಲೂ ಪೂರ್ತಿ ನಿಲ್ಲುವುದಿಲ್ಲ. ಅಕ್ಟೋಬರ್‌ನಲ್ಲಿ ಬಂಗಾಳ ಕೊಲ್ಲಿಯ ಚಂಡಮಾರುತಗಳ ಶೇಷವೂ ಬೆಟ್ಟಕ್ಕೆ ಬಂದು ತಾಗುತ್ತದೆ. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣದ ಬಳಿ ದಡ ಮುಟ್ಟಿದ ಹುಡ್‌ಹುಡ್, ಎರಡೇ ದಿನದಲ್ಲಿ ನೇಪಾಳದ ಅನ್ನಪೂರ್ಣ ಸುತ್ತಿನ ಹಾದಿಯ ಮೇಲೆ ಆಳೆತ್ತರದ ಹಿಮ ಸುರಿಸಿತು. 5,416 ಮೀಟರ್ ಎತ್ತರದ ಥೋರಾಂಗ್ ಲಾ ಕಣಿವೆಮಾರ್ಗದಲ್ಲಿ ಮತ್ತು ಸುತ್ತಮುತ್ತ ಚಾರಣಿಗರು, ಗೈಡುಗಳು, ಪೋರ್ಟರುಗಳು ಸೇರಿ 40ಕ್ಕೂ ಹೆಚ್ಚು ಜನ ಸತ್ತರು. ಅದು ಅಲ್ಲಿನ ಚಾರಣದ ಭರಾಟೆಯ ಕಾಲ.

ಕನ್ನಡಿಗರಿಗೆ ಹೆಚ್ಚು ನೋವು ತಂದದ್ದು 2024ರ ಜೂನ್‌ನ ಸಹಸ್ತ್ರ ತಾಲ್ ದುರಂತ. ಉತ್ತರಾಖಂಡದಲ್ಲಿ ಸುಮಾರು 15,000 ಅಡಿ ಎತ್ತರದಲ್ಲಿರುವ ಈ ಸರೋವರಗಳಿಗೆ 22 ಜನರ ತಂಡ ಮೇ ಕೊನೆಯಲ್ಲಿ ಹೊರಟಿತ್ತು. ಚಾರಣಿಗರಲ್ಲಿ ಹೆಚ್ಚಿನವರು ಕರ್ನಾಟಕದವರು. ಜೂನ್ 3ರಂದು ಸರೋವರ ನೋಡಿಕೊಂಡು ಬಿಡಾರದ ಕಡೆ ಇಳಿಯುತ್ತಿದ್ದಾಗ ಹಿಮಗಾಳಿ ಶುರುವಾಯಿತು. ದಾರಿ ಕಾಣದಾಯಿತು, ಬಯಲಿನಲ್ಲೇ ರಾತ್ರಿ ಕಳೆಯಬೇಕಾಯಿತು. ಒಂಬತ್ತು ಮಂದಿ ಚಳಿಗೆ ಬಲಿಯಾದರು, 13 ಮಂದಿ ಬದುಕಿದರು. ಸುದ್ದಿ ಹೊರಗೆ ತಲುಪಿದ್ದೇ ಮರುದಿನ. ರಾಜ್ಯ ಸರ್ಕಾರದ ಪರವಾಗಿ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನ್‌ಗೆ ಹೋಗಿ ರಕ್ಷಣಾ ಕಾರ್ಯದ ಉಸ್ತುವಾರಿ ನೋಡಿಕೊಂಡರು. ಇದಕ್ಕೂ ಮುಂಚೆ, 2021ರ ಅಕ್ಟೋಬರ್‌ನಲ್ಲಿ ಹರ್ಸಿಲ್‌ನಿಂದ ಚಿತ್ಕುಲ್‌ಗೆ ದಾಟುವ ಲಮ್‌ಖಾಗಾ ಪಾಸ್‌ನಲ್ಲೂ ಒಂದು ತಂಡ ಇಂಥದೇ ಹಿಮಕ್ಕೆ ಸಿಕ್ಕಿ ಹಲವರನ್ನು ಕಳೆದುಕೊಂಡಿತ್ತು.

ಮೈ ನಡುಗಿಸಿ ಕೊಲ್ಲುವುದು ಮೈನಸ್ 20ರ ಚಳಿ ಮಾತ್ರ ಎಂಬ ನಂಬಿಕೆ ತಪ್ಪು. ಸೊನ್ನೆಯ ಆಸುಪಾಸಿನ ಒದ್ದೆ ಚಳಿಯೂ ಅಷ್ಟೇ ಕ್ರೂರಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖ ಸಾಗಿಸುತ್ತದೆ. ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 40 ಕಿಲೋಮೀಟರ್ ಗಾಳಿ ಬೀಸಿದರೆ ಬರಿಯ ಚರ್ಮಕ್ಕೆ ಅದು ಮೈನಸ್ 7ರಂತೆ ತಾಗುತ್ತದೆ. ಬೆವರಿಗೆ ನೆಂದ ಹತ್ತಿಯ ಬನಿಯನ್, ಜೀನ್ಸ್ ಪ್ಯಾಂಟ್ ಇಂಥ ಹೊತ್ತಿನಲ್ಲಿ ಶತ್ರುವಾಗುತ್ತವೆ. ಉಣ್ಣೆ ನೆಂದರೂ ಸ್ವಲ್ಪ ಬಿಸುಪು ಉಳಿಸಿಕೊಳ್ಳುತ್ತದೆ. ದೇಹದ ಒಳ ಉಷ್ಣಾಂಶ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಹೈಪೋಥರ್ಮಿಯಾ. ಮೊದಲು ಕೈಬೆರಳುಗಳು ಮಾತು ಕೇಳುವುದಿಲ್ಲ: ಜಾಕೆಟ್ಟಿನ ಜಿಪ್ ಎಳೆಯಲಾಗದು, ಬಿಚ್ಚಿದ ಶೂ ಲೇಸ್ ಕಟ್ಟಲಾಗದು. ಆಮೇಲೆ ಮಾತು ತೊದಲುತ್ತದೆ, ಕಾಲು ಎಡವುತ್ತದೆ, ಏನು ಕೇಳಿದರೂ ‘ನಂಗೇನಾಗಿಲ್ಲ, ಸುಮ್ನೆ ಬಿಡಿ’ ಎಂಬ ಉತ್ತರ. ಆ ಉತ್ತರವನ್ನು ನಂಬಬಾರದು. ನಡುಕ ನಿಂತರೆ ಸುಧಾರಿಸಿತೆಂದಲ್ಲ, ದೇಹ ಸೋಲುತ್ತಿದೆ ಎಂದರ್ಥ. ಕೊನೆಯ ಹಂತದಲ್ಲಿ ಕೆಲವರು ಸೆಕೆಯೆಂದು ಭ್ರಮಿಸಿ ಬಟ್ಟೆ ಕಿತ್ತೆಸೆಯುವುದೂ ಉಂಟು.

ಅಂಥವರನ್ನು ಮೊದಲು ಗಾಳಿಯ ಮರೆಗೆ ತಂದು, ಒದ್ದೆ ಬಟ್ಟೆ ತೆಗೆದು, ಒಣ ಬಟ್ಟೆ ಹಾಕಿ ಸ್ಲೀಪಿಂಗ್ ಬ್ಯಾಗಿಗೆ ಸೇರಿಸಬೇಕು. ಮೇಲೆ ಹೊದಿಸುವಷ್ಟೇ ಮುಖ್ಯ ಕೆಳಗೆ ಮ್ಯಾಟ್ ಹಾಸುವುದು, ಏಕೆಂದರೆ ನೆಲ ಬಿಡದೆ ಶಾಖ ಹೀರುತ್ತದೆ. ಎಚ್ಚರವಿದ್ದು ನುಂಗಬಲ್ಲವರಿಗೆ ಸಕ್ಕರೆ ಹಾಕಿದ ಬಿಸಿ ಚಹಾ ಕೊಡಬಹುದು. ಮದ್ಯ ಬೇಡ, ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಇದ್ದ ಶಾಖವನ್ನೂ ಹೊರಚೆಲ್ಲುತ್ತದೆ. ಹಿಮಕಡಿತವಾದ ಬೆರಳನ್ನು ಉಜ್ಜಬಾರದು, ಮತ್ತೆ ಹೆಪ್ಪುಗಟ್ಟುವ ಸಂಭವವಿದ್ದರೆ ಕರಗಿಸಲೂಬಾರದು.

ಹಿಮದಲ್ಲಿ ಬಿಡಾರ ಹೂಡುವಾಗ ಕಣಿವೆಯ ತಳ, ಬೆಟ್ಟದ ನೆತ್ತಿ ಎರಡೂ ಬೇಡ. ರಾತ್ರಿ ತಣ್ಣನೆಯ ಗಾಳಿ ಹರಿದು ತಳದಲ್ಲಿ ನಿಲ್ಲುತ್ತದೆ, ನೆತ್ತಿಯಲ್ಲಿ ಬಿರುಗಾಳಿ. 30ರಿಂದ 45 ಡಿಗ್ರಿಯ ಇಳಿಜಾರುಗಳ ಬುಡದಲ್ಲಿ ಹಿಮಕುಸಿತದ ಭಯ. ಟೆಂಟ್ ಮೇಲೆ ಕೂತ ಹಿಮವನ್ನು ಆಗಾಗ ಒಳಗಿನಿಂದ ತಟ್ಟಿ ಬೀಳಿಸದಿದ್ದರೆ ಭಾರಕ್ಕೆ ಕಂಬಿ ಮುರಿಯಬಹುದು, ಗಾಳಿಯಾಡುವ ಕಿಂಡಿ ಮುಚ್ಚಬಹುದು. ಚಳಿ ತಡೆಯದೆ ಟೆಂಟಿನೊಳಗೆ ಸ್ಟವ್ ಹಚ್ಚಿದವರು ಕಾರ್ಬನ್ ಮೊನಾಕ್ಸೈಡ್‌ಗೆ ಬಲಿಯಾದ ಪ್ರಕರಣಗಳಿವೆ. ಆ ಅನಿಲಕ್ಕೆ ವಾಸನೆಯಿಲ್ಲ. ಬರೀ ಬ್ಯೂಟೇನ್ ತುಂಬಿದ ಡಬ್ಬಿ ಕಡು ಚಳಿಯಲ್ಲಿ ಸರಿಯಾಗಿ ಉರಿಯುವುದಿಲ್ಲ, ಏಕೆಂದರೆ ಬ್ಯೂಟೇನ್ ಆವಿಯಾಗದೆ ದ್ರವವಾಗಿಯೇ ಉಳಿದುಬಿಡುತ್ತದೆ. ಪ್ರೊಪೇನ್ ಬೆರೆಸಿದ ಡಬ್ಬಿ ಅಥವಾ ಸೀಮೆಎಣ್ಣೆಯ ಸ್ಟವ್ ಇದ್ದರೆ ಹಿಮ ಕರಗಿಸಿ ನೀರು ಮಾಡಿಕೊಳ್ಳಬಹುದು.

ಎಲ್ಲಕ್ಕಿಂತ ಕಷ್ಟದ್ದು ಹಿಂದಿರುಗುವ ನಿರ್ಧಾರ. ರಜೆ, ಖರ್ಚು, ಶಿಖರ ಕಣ್ಣೆದುರೇ ಇರುವುದು ಎಲ್ಲವೂ ಮುಂದೆ ಎಳೆಯುತ್ತವೆ. ಹಾಗಾಗಿ ಎಷ್ಟು ಗಂಟೆಗೆ ಎಲ್ಲಿದ್ದರೂ ತಿರುಗಬೇಕು ಎಂಬುದನ್ನು ಬೆಳಿಗ್ಗೆ ಬಿಡಾರದಲ್ಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯ ಪದ್ಧತಿ. ಮಧ್ಯಾಹ್ನದ ಬಳಿಕ ಬೆಟ್ಟದಲ್ಲಿ ಮೋಡ ಕಟ್ಟುವುದು ಸಾಮಾನ್ಯ. ಅಂದಿನ ನಡಿಗೆ ಎಷ್ಟೇ ಚಿಕ್ಕದಿರಲಿ, ಒಣ ಉಣ್ಣೆ ಬಟ್ಟೆ ಮತ್ತು ಗಾಳಿ ನೀರು ತಡೆಯುವ ಜಾಕೆಟ್ ಹೆಗಲ ಚೀಲದಲ್ಲೇ ಇರಬೇಕು, ಹೇಸರಗತ್ತೆಯ ಮೇಲಿನ ಹೊರೆಯಲ್ಲಲ್ಲ.

ಈ ಹಾದಿಗಳಲ್ಲಿ ಹೆಚ್ಚಿನ ಕಡೆ ಮೊಬೈಲ್ ಸಿಗ್ನಲ್ ಇಲ್ಲ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನಗಳನ್ನು ಭಾರತದಲ್ಲಿ ಅನುಮತಿಯಿಲ್ಲದೆ ಒಯ್ಯುವುದು ಕಾನೂನುಬಾಹಿರ. ಅವನ್ನು ತಂದ ವಿದೇಶಿ ಪ್ರವಾಸಿಗರು ಬಂಧನಕ್ಕೊಳಗಾದದ್ದುಂಟು. ಗಡಿಭದ್ರತೆಯ ಕಾರಣ ಅರ್ಥವಾಗುವಂಥದ್ದೇ. ಆದರೂ ನೋಂದಾಯಿತ ಚಾರಣ ತಂಡಗಳಿಗೆ ಸುಲಭವಾದ ಪರವಾನಗಿ ವ್ಯವಸ್ಥೆ ಬೇಕೇ ಬೇಕು. ಸದ್ಯ ಅವಘಡವಾದರೆ ಯಾರಾದರೂ ಸಿಗ್ನಲ್ ಸಿಗುವ ಜಾಗದವರೆಗೆ ನಡೆದುಹೋಗಿ ತಿಳಿಸಬೇಕು, ಆಮೇಲೆ ಮೋಡ ಸರಿದಾಗಷ್ಟೇ ಹೆಲಿಕಾಪ್ಟರ್ ಹಾರುತ್ತದೆ.