ಅಲ್ಟ್ರಾಸೌಂಡ್ ನೆರವಿನ ನರ ಪ್ರಚೋದನೆ: ಕಾಲುನೋವಿನ ಚಿಕಿತ್ಸೆಯ ಇತಿಹಾಸ

ಚರ್ಮದಡಿಯ ನರವನ್ನು ಅಲ್ಟ್ರಾಸೌಂಡ್ ಪರದೆಯಲ್ಲಿ ನೋಡುತ್ತ, ಸೂಜಿಯ ಮೂಲಕ ಅದರ ಪಕ್ಕಕ್ಕೆ ತೆಳುವಾದ ತಂತಿಯೊಂದನ್ನು ಇಳಿಸಿ, ವಿದ್ಯುತ್ ಮಿಡಿತಗಳಿಂದ ನೋವನ್ನು ತಗ್ಗಿಸುವ ವಿಧಾನವಿದು. ಕಾಲಿನಲ್ಲಿ ತೊಡೆಸಂದಿನ ಫೀಮೋರಲ್, ಮಂಡಿಯ ಹಿಂಬದಿಯ ಸಿಯಾಟಿಕ್, ಪಾದದ ಕೀಲಿನ ಬಳಿಯ ಟಿಬಿಯಲ್ ನರಗಳು ಇದರ ಮುಖ್ಯ ಗುರಿಗಳು.

ಕಾಲುನೋವಿಗೂ ವಿದ್ಯುತ್ತಿಗೂ ನಂಟು ಬಹಳ ಹಳೆಯದು. ಕ್ರಿ.ಶ. ಮೊದಲ ಶತಮಾನದ ರೋಮನ್ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್, ಗೌಟ್ ರೋಗಿ ಒದ್ದೆಯಾದ ಕಡಲತೀರದಲ್ಲಿ ಜೀವಂತ ಟಾರ್ಪಿಡೊ ಮೀನಿನ ಮೇಲೆ ಪಾದವಿಟ್ಟು, ಮಂಡಿಯವರೆಗೆ ಜೋಮು ಹಿಡಿಯುವ ತನಕ ನಿಲ್ಲಬೇಕೆಂದು ಬರೆದ. ಆ ಮೀನು ಹೊಮ್ಮಿಸುವುದು ವಿದ್ಯುತ್ತೆಂದು ತಿಳಿದದ್ದು 18ನೆಯ ಶತಮಾನದಲ್ಲಿ.

ಶಾಸ್ತ್ರೀಯ ತಳಹದಿ ದೊರೆತದ್ದು 1965ರಲ್ಲಿ. ಸ್ಪರ್ಶವನ್ನು ಒಯ್ಯುವ ದಪ್ಪ ನರತಂತುಗಳು ಚುರುಕಾದಾಗ, ಸಣ್ಣ ತಂತುಗಳು ತರುವ ನೋವಿನ ಸಂಕೇತಕ್ಕೆ ಬೆನ್ನುಹುರಿಯಲ್ಲೇ ತಡೆ ಬೀಳುತ್ತದೆಂದು ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ವಾದಿಸಿದರು. ಈ ‘ಗೇಟ್ ಕಂಟ್ರೋಲ್’ ಸಿದ್ಧಾಂತದ ಹಲವು ವಿವರಗಳನ್ನು ಮುಂದೆ ತಿದ್ದಬೇಕಾಯಿತು. ಚಿಕಿತ್ಸೆಗೆ ಅದು ತೋರಿಸಿದ ದಾರಿ ಮಾತ್ರ ಉಳಿಯಿತು. 1967ರಲ್ಲಿ ವಾಲ್ ಮತ್ತು ನರಶಸ್ತ್ರವೈದ್ಯ ವಿಲಿಯಂ ಸ್ವೀಟ್ ಮೊದಲು ತಮ್ಮ ಮುಖದ ನರಗಳನ್ನೇ ಪ್ರಚೋದಿಸಿಕೊಂಡು, ಬಳಿಕ ರೋಗಿಗಳ ಮೇಲಿನ ಪ್ರಯೋಗದ ಫಲವನ್ನು ಪ್ರಕಟಿಸಿದರು.

ಆದರೆ ನರವನ್ನು ತಲುಪಲು ಮಾಂಸವನ್ನು ಕೊಯ್ದು ತೆರೆಯಬೇಕಿತ್ತು. ನರದ ಸುತ್ತ ತೊಡಿಸಿದ ಎಲೆಕ್ಟ್ರೋಡ್‌ಗಳಿಂದ ಕಲೆಗಟ್ಟಿ ನರಕ್ಕೇ ಹಾನಿಯಾಗುತ್ತಿದ್ದುದೂ ಉಂಟು. ಅದೇ ಕಾಲಕ್ಕೆ ಬಂದ ಬೆನ್ನುಹುರಿ ಪ್ರಚೋದನೆ ವೈದ್ಯರ ಗಮನವನ್ನು ಸೆಳೆದುಕೊಂಡಿತು.

ಪರಿಹಾರ ಬಂದದ್ದು ಅರಿವಳಿಕೆ ತಜ್ಞರ ಕಡೆಯಿಂದ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ನರ ಕಾಣುವುದಿಲ್ಲ. ಅಲ್ಟ್ರಾಸೌಂಡ್‌ನಲ್ಲಿ ನರ, ಪಕ್ಕದ ರಕ್ತನಾಳ, ಚಲಿಸುವ ಸೂಜಿ ಮೂರೂ ಒಟ್ಟಿಗೆ ಕಾಣುತ್ತವೆ. 1994ರಲ್ಲಿ ವಿಯೆನ್ನಾದ ಸ್ಟೀಫನ್ ಕಪ್ರಾಲ್ ಮತ್ತು ಸಂಗಡಿಗರು ತೋಳಿನ ನರಗಳಿಗೆ ಹೀಗೆ ನೋಡುತ್ತಲೇ ಮದ್ದು ಚುಚ್ಚಿದರು. ಅಮೆರಿಕದ ಮಾರ್ಕ್ ಹಂಟೂನ್ ಮತ್ತು ಸಂಗಡಿಗರು 2008ರಲ್ಲಿ ಶವಗಳ ಕಾಲಿನಲ್ಲಿ ಇದೇ ರೀತಿ ಎಲೆಕ್ಟ್ರೋಡ್ ಇಳಿಸಿ ನೋಡಿ, ಮರುವರ್ಷ ರೋಗಿಗಳಲ್ಲಿನ ಅನುಭವವನ್ನು ವರದಿ ಮಾಡಿದರು.

2016ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸ್ಪ್ರಿಂಟ್ ಸಾಧನದ ಸುರುಳಿ ತಂತಿಯನ್ನು 60 ದಿನಗಳ ಬಳಿಕ ಎಳೆದು ತೆಗೆಯಲಾಗುತ್ತದೆ. ಅದು ನರವನ್ನು ಮುಟ್ಟಬೇಕಾಗಿಲ್ಲ, ತುಸು ದೂರವಿದ್ದರೂ ಸಾಕು. ಕಾಲು ಕಳೆದುಕೊಂಡ 28 ಮಂದಿಯಲ್ಲಿ ಫೀಮೋರಲ್ ಮತ್ತು ಸಿಯಾಟಿಕ್ ನರಗಳನ್ನು ಪ್ರಚೋದಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಮೋಟುಗಾಲಿನ ನೋವೂ ಇಲ್ಲದ ಕಾಲಿನ ನೋವೂ ತಗ್ಗಿದ್ದು ಅದರಲ್ಲಿ ಕಂಡಿತು. ಇಷ್ಟು ಚಿಕ್ಕ ಗುಂಪು ಅಂತಿಮ ತೀರ್ಪಿಗೆ ಸಾಲದು. ತಂತಿ ಜರುಗುವುದು, ತುಂಡಾಗುವುದು, ಸೋಂಕು ತಗಲುವುದು ಇಂದಿಗೂ ಇರುವ ತೊಡಕುಗಳು.