ಪದವಿ ತಾರದ ವಿಲಾಯತಿ ಯಾತ್ರೆ

ಕಾರವಾರದ ಕಡಲದಂಡೆಗೆ ರವೀಂದ್ರನಾಥ ಠಾಕೂರರ ಹೆಸರಿದೆಯೆಂಬುದು ನಿಮಗೆ ತಿಳಿದದ್ದೇ. ಅಲ್ಲಿಯ ಗಾಳಿಮರಗಳ ಕೆಳಗೆ ಒಂದು ಸಂಜೆ ಕಳೆದವರೆಲ್ಲ, ಕವಿ ಇಲ್ಲಿಗೆ ಬಂದಿದ್ದರು, ಸಮುದ್ರವನ್ನು ಕಂಡು ಮೆಚ್ಚಿದರು, ನಾಟಕವೊಂದನ್ನು ಬರೆದರು ಎಂದಿಷ್ಟು ಹೇಳಬಲ್ಲರು. ಆದರೆ ಬಂದದ್ದು ಗಡ್ಡದ ವಿಶ್ವಕವಿಯಲ್ಲ. ಅದು 1883ನೆಯ ಇಸವಿ. ಅವರಿಗೆ ಆಗ 22 ವರ್ಷ. ನೊಬೆಲ್ ಪಾರಿತೋಷಕಕ್ಕೆ ಇನ್ನೂ 30 ವರ್ಷಗಳಿದ್ದವು. ಲೋಕದ ಲೆಕ್ಕದಲ್ಲಿ ಅವರು, ಬ್ಯಾರಿಸ್ಟರಾಗಿ ಬರುತ್ತೇನೆಂದು ವಿಲಾಯತಿಗೆ ಹೋಗಿ ಬರಿಗೈಯಲ್ಲಿ ಮರಳಿದ, ದೊಡ್ಡ ಮನೆತನದ ಒಬ್ಬ ಹುಡುಗ.

ಕಾರವಾರದಲ್ಲಿ ಅವರು ಇಳಿದುಕೊಂಡದ್ದು ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ. ಉತ್ತರ ಕನ್ನಡವು ಮದರಾಸು ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿದ್ದು 1862ರಲ್ಲಿ. ಜಿಲ್ಲೆಯ ಮುಖ್ಯ ಸ್ಥಳ ಹೊನ್ನಾವರದಿಂದ ಕಾರವಾರಕ್ಕೆ ಬಂತು. ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಕಾರವಾರ, ಅಂಕೋಲೆಗಳ ಜನ ನ್ಯಾಯ ಕೇಳಿ ನಿಲ್ಲುತ್ತಿದ್ದ ಕಚೇರಿಯ ಮೇಲಿನ ಪೀಠದಲ್ಲಿ ಕುಳಿತಿದ್ದವರು, ಐ.ಸಿ.ಎಸ್. ಪರೀಕ್ಷೆಯಲ್ಲಿ ಗೆದ್ದ ಮೊಟ್ಟಮೊದಲ ಭಾರತೀಯ. 1862ರಲ್ಲಿ ಗೆಳೆಯ ಮನಮೋಹನ ಘೋಷರೊಡನೆ ಅವರು ಇಂಗ್ಲೆಂಡಿಗೆ ಹೋದರು. ಮರುವರ್ಷವೇ ತೇರ್ಗಡೆಯಾದರು, 1864ರಲ್ಲಿ ತಾಯ್ನಾಡಿಗೆ ಬಂದರು. ಘೋಷರು ಎರಡು ಸಲ ಕುಳಿತರು, ಎರಡು ಸಲವೂ ದಾಟಲಿಲ್ಲ. ಅವರು ಬ್ಯಾರಿಸ್ಟರಾಗಿ ಬಂದು ಕಲಕತ್ತೆಯಲ್ಲಿ ದೊಡ್ಡ ಹೆಸರು ಮಾಡಿದರೆಂಬುದು ಆಮೇಲಿನ ಮಾತು.

ತಮ್ಮನನ್ನೂ ಈ ದಾರಿಗೆ ಹಚ್ಚಬೇಕೆಂದು ಅಣ್ಣನ ಆಸೆ. ರವೀಂದ್ರರು ಯಾವ ಶಾಲೆಯಲ್ಲೂ ನೆಟ್ಟಗೆ ನಿಂತವರಲ್ಲ. 17ರ ಹರೆಯದಲ್ಲಿ, 1878ರ ಸೆಪ್ಟೆಂಬರಿನಲ್ಲಿ, ಅಣ್ಣನ ಜೊತೆ ಮುಂಬಯಿಯಿಂದ ಹಡಗು ಹತ್ತಿದರು. ಅತ್ತಿಗೆ ಜ್ಞಾನದಾನಂದಿನಿ ದೇವಿಯವರು ಒಂದು ವರ್ಷ ಮುಂಚೆಯೇ, ಗಂಡ ಜೊತೆಗಿಲ್ಲದೆ, ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಇಂಗ್ಲೆಂಡಿಗೆ ಹೋಗಿದ್ದರು. ಧೈರ್ಯದ ಮಾತು ಬಂದಾಗ ಆ ತಾಯಿಯ ಹೆಸರನ್ನು ಯಾರೂ ಎತ್ತುವುದಿಲ್ಲವೆಂಬುದು ನನಗೆ ಸದಾ ಸೋಜಿಗ. ಸಮುದ್ರ ದಾಟಿದರೆ ಜಾತಿ ಕೆಡುತ್ತದೆನ್ನುವ ಕಾಲವದು.

ಬ್ರೈಟನ್ನಿನ ಶಾಲೆಯಲ್ಲಿ ಹುಡುಗರು ಈ ಹೊಸಬನ ಜೇಬಿಗೆ ಕಿತ್ತಳೆಯನ್ನೋ ಸೇಬನ್ನೋ ತುರುಕಿ ಓಡಿಹೋಗುತ್ತಿದ್ದರಂತೆ. ಆಮೇಲೆ ಲಂಡನ್ನಿನ ಒಂಟಿ ಕೋಣೆ. ಎಲೆಯುದುರಿದ ಮರಗಳು, ಮಂಜು. ಲ್ಯಾಟಿನ್ ಕಲಿಸಲು ಬರುತ್ತಿದ್ದ ಬಡ ಮೇಷ್ಟರಿಗೆ ತಮ್ಮದೇ ಒಂದು ಸಿದ್ಧಾಂತದ ಹುಚ್ಚು, ಪಾಠ ನಡೆಯುತ್ತಿದ್ದುದು ಅಷ್ಟಕ್ಕಷ್ಟೆ. ಬಿಟ್ಟು ಹೊರಡುವ ದಿನ, ನಾನೇನೂ ಕಲಿಸಲಿಲ್ಲ, ಹಣ ಬೇಡವೆಂದು ಆತ ಹಟ ಹಿಡಿದಾಗ, ಶಿಷ್ಯನೇ ಒತ್ತಾಯಿಸಿ ಕೊಡಬೇಕಾಯಿತು. ನಗೆಪಾಟಲಿನ ಪ್ರಸಂಗಗಳೂ ಇದ್ದವು. ಗಂಡನನ್ನು ಕಳೆದುಕೊಂಡ ಒಬ್ಬ ದೊರೆಸಾನಿ, ಆತನ ಮೇಲೆ ಯಾರೋ ಇಂಗ್ಲಿಷಿನಲ್ಲಿ ಕಟ್ಟಿದ್ದ ಶೋಕಗೀತವನ್ನು ಬೇಹಾಗ ರಾಗದಲ್ಲಿ ಹಾಡೆಂದು ಎಲ್ಲಿ ಕಂಡರಲ್ಲಿ ಇವರನ್ನು ಪೀಡಿಸುತ್ತಿದ್ದಳು. ಒಮ್ಮೆ ಚಳಿಯಲ್ಲಿ ಹಸಿದುಕೊಂಡು ದೂರದ ಊರಿಗೆ ಹೋದರೆ, ಕಾಯಿಲೆಯಾದ ಇನ್ನೊಬ್ಬ ಹೆಂಗಸಿನ ಮುಚ್ಚಿದ ಬಾಗಿಲ ಹೊರಗೆ, ಮಹಡಿಯ ಮೆಟ್ಟಿಲ ಬಳಿ ನಿಂತು ಹಾಡಬೇಕಾಗಿ ಬಂತು. ಇಲ್ಲವೆನ್ನುವ ಗಟ್ಟಿತನ ಆ ಹುಡುಗನಿಗೆ ಇನ್ನೂ ಬಂದಿರಲಿಲ್ಲ.

ಅದು ಬಂದದ್ದು ಡಾಕ್ಟರ್ ಸ್ಕಾಟರ ಮನೆಯಲ್ಲಿ. ಭಾರತೀಯನೊಬ್ಬ ಬಿಡಾರಕ್ಕೆ ಬರುತ್ತಾನೆಂದು ಕೇಳಿದೊಡನೆ ಆ ಮನೆಯ ಇಬ್ಬರು ಹೆಣ್ಣುಮಕ್ಕಳು ಹೆದರಿ ನೆಂಟರ ಮನೆಗೆ ಓಡಿದ್ದರು! ಅಪಾಯದ ಪ್ರಾಣಿಯಲ್ಲವೆಂದು ಖಾತ್ರಿಯಾದ ಮೇಲೆ ಮರಳಿದರು. ಶ್ರೀಮತಿ ಸ್ಕಾಟ್ ಮಾತ್ರ ಅವರನ್ನು ಮಗನಂತೆ ಕಂಡಳು. ಸಂಜೆ ಗಂಡ ಬರುವ ಮುನ್ನ ಆತನ ಕುರ್ಚಿಯನ್ನೂ ಚಪ್ಪಲಿಗಳನ್ನೂ ಬೆಂಕಿಗೂಡಿನ ಬಳಿ ಅವಳೇ ಅಣಿಮಾಡುವುದನ್ನು ನೋಡಿ, ನಮ್ಮ ಮನೆಗಳ ಗೃಹಿಣಿಗೂ ಇವಳಿಗೂ ಏನು ಭೇದವೆಂದು ರವೀಂದ್ರರಿಗೆ ಅನ್ನಿಸಿತು. ಮನುಷ್ಯ ಎಲ್ಲೆಲ್ಲೂ ಮನುಷ್ಯನೇ ಎಂಬ ಆ ಅರಿವಿನೊಡನೆ ಪರಕೀಯರ ಮುಂದೆ ಕುಗ್ಗುವ ಸ್ವಭಾವ ಸಡಿಲಿತು. ಯೂನಿವರ್ಸಿಟಿ ಕಾಲೇಜಿನಲ್ಲಿ ಹೆನ್ರಿ ಮಾರ್ಲಿಯವರ ಸಾಹಿತ್ಯಪಾಠ ಕೇಳಿದರು. ಗ್ರಂಥಾಲಯದಲ್ಲಿ ಕಿರಿಯ ಗೆಳೆಯ ಲೋಕೇನ ಪಾಲಿತನೊಡನೆ ಪಿಸುಮಾತಾಡಿ ನಕ್ಕು, ಓದುತ್ತಿದ್ದವರ ಕೆಂಗಣ್ಣಿಗೆ ಗುರಿಯಾದರು.

ಇನ್ನೊಂದು ಕೆಲಸವೂ ನಡೆದಿತ್ತು. ಅಲ್ಲಿಂದ ಅವರು ಬರೆದ ಪತ್ರಗಳು ಮನೆಯವರದೇ ಪತ್ರಿಕೆ ‘ಭಾರತಿ’ಯಲ್ಲಿ ಅಚ್ಚಾದವು. ಅಲ್ಲಿಯ ಹೆಂಗಸರ ಸ್ವಾತಂತ್ರ್ಯವನ್ನು ಹುಡುಗ ಹೊಗಳಿದರೆ, ಸಂಪಾದಕನಾದ ಹಿರಿಯಣ್ಣ ದ್ವಿಜೇಂದ್ರನಾಥರು ಕೆಳಗೆ ಖಂಡನೆಯ ಟಿಪ್ಪಣಿ ಹಾಕುವರು; ತಮ್ಮ ಅದಕ್ಕೂ ಉತ್ತರ ಬರೆಯುವನು. 1881ರಲ್ಲಿ ಪುಸ್ತಕವಾದ ಈ ಪತ್ರಗಳ ಭಾಷೆ ಪಂಡಿತರ ಗ್ರಾಂಥಿಕ ಬಂಗಾಳಿಯಲ್ಲ, ಮನೆಯಲ್ಲಿ ಆಡುವ ಬಂಗಾಳಿ. ಆಡುಮಾತಿನಲ್ಲಿ ಗದ್ಯ ಬರೆಯುವ ಎದೆಗಾರಿಕೆ ಅವರಿಗೆ ಬಂದದ್ದು ಇಂಗ್ಲಿಷರ ನಡುವೆ ಕುಳಿತಾಗ, ನೋಡಿ.

1880ರಲ್ಲಿ ತಂದೆ ದೇವೇಂದ್ರನಾಥರು ಹಿಂದಕ್ಕೆ ಕರೆಸಿಕೊಂಡರು. ಪರೀಕ್ಷೆಯಿಲ್ಲ, ಪದವಿಯಿಲ್ಲ. 1881ರಲ್ಲಿ ಮತ್ತೆ ಹೊರಟವರು ಮದರಾಸಿನಲ್ಲೇ ಹಡಗು ಇಳಿದು ಮರಳಿದರು. ಅಳುಕುತ್ತ ಮಸ್ಸೂರಿಗೆ ಹೋಗಿ ತಂದೆಯ ಮುಂದೆ ನಿಂತರೆ, ಅವರು ಗದರಲಿಲ್ಲ.

ಇದೇ ಪ್ರಸಂಗ ನಮ್ಮ ಬೀದಿಯಲ್ಲಿ ನಡೆದಿದ್ದರೆ? ಸಾಲ ತೆಗೆದು ಮಗನನ್ನೋ ಮಗಳನ್ನೋ ಪರದೇಶಕ್ಕೆ ಕಳಿಸಿದ ಮನೆಗಳು ಈಗ ನಿಮ್ಮ ನೆರೆಯಲ್ಲೇ ಇವೆ. ಠಾಕೂರರ ಮನೆಗೆ ಹಣದ ಚಿಂತೆಯಿರಲಿಲ್ಲ, ನಮಗಿದೆ ಎಂದು ನೀವು ಅಂದರೆ ಅದು ನ್ಯಾಯವೇ. ಕರಾವಳಿಯ ಬಡವನಿಗಂತೂ ಬಹುಕಾಲ ಮುಂಬಯಿಯೇ ಪರದೇಶವಾಗಿತ್ತು. ಅಂಕೋಲೆಯ ದಿನಕರ ದೇಸಾಯರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಕಟ್ಟಿದ ಮೇಲೆ, 1966ರಲ್ಲಿ ಆ ಊರಿಗೆ ಗೋಖಲೆ ಶತಾಬ್ದಿ ಕಾಲೇಜು ಬಂತು. ಅದಕ್ಕೆ ಮುಂಚೆ ಕಾಲೇಜಿನ ಮೆಟ್ಟಿಲು ಹತ್ತಲು ಅಂಕೋಲೆಯ ಹುಡುಗ ಊರು ಬಿಡಲೇಬೇಕಿತ್ತು. ಅರ್ಧ ಓದಿ ಮರಳಿದವನನ್ನು ಊರು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಪಾಸಾಯಿತೇ?

ಹಾಗಾದರೆ ರವೀಂದ್ರರು ತಂದದ್ದೇನು? ಐರಿಷ್ ಹಾಡುಗಳನ್ನು ಕಲಿತು ಬಂದಿದ್ದರು. ಮನೆಯವರಿಗೆ ಅವರ ಕಂಠವೇ ವಿಚಿತ್ರವಾಗಿ, ಪರದೇಶಿಯಾಗಿ ಕೇಳಿಸಿತು. ಆದರೆ 1881ರಲ್ಲಿ ‘ವಾಲ್ಮೀಕಿ ಪ್ರತಿಭಾ’ ಎಂಬ ಗೀತನಾಟಕ ಕಟ್ಟಿದಾಗ ನಮ್ಮ ರಾಗಗಳ ಜೊತೆಗೆ ಆ ಧಾಟಿಗಳನ್ನೂ ನಿಸ್ಸಂಕೋಚವಾಗಿ ಬೆರೆಸಿದರು. ಮುಂದಿನ ಬೆಳವಣಿಗೆಯನ್ನೆಲ್ಲ ವಿಲಾಯತಿಗೇ ಗಂಟುಹಾಕುವುದು ಮಾತ್ರ ಸರಿಯಲ್ಲ. 1882ರಲ್ಲಿ ಕಲಕತ್ತೆಯ ಸದರ್ ಸ್ಟ್ರೀಟಿನ ಮನೆಯ ಜಗಲಿಯಲ್ಲಿ, ಸೂರ್ಯೋದಯ ನೋಡುತ್ತಿರುವಾಗ ಅವರಿಗಾದ ದರ್ಶನವೇ ಬೇರೆ.

ಕಾರವಾರಕ್ಕೆ ಬಂದದ್ದು ಅದಾದ ಮೇಲೆ. ಒಂದು ರಾತ್ರಿ ಬೆಳುದಿಂಗಳಲ್ಲಿ ದೋಣಿ ಹತ್ತಿ ಕಾಳಿ ನದಿಯಲ್ಲಿ ಮೇಲಕ್ಕೆ ಹೋದರು. ಶಿವಾಜಿಯ ಹಳೆಯ ಕೋಟೆಯೊಂದರ ಬಳಿ ಇಳಿದು, ಒಬ್ಬ ರೈತನ ಗುಡಿಸಿದ ಅಂಗಳದಲ್ಲಿ ಬುತ್ತಿ ಬಿಚ್ಚಿ ಉಂಡರು. ಮರಳುವಾಗ ದೋಣಿಯನ್ನು ಇಳಿತದ ನೀರಿಗೇ ಬಿಟ್ಟರು. ಅಳಿವೆಯಲ್ಲಿ ಇಳಿದು, ನಡುರಾತ್ರಿ ದಾಟಿದ ಮೇಲೆ ಬಿಳಿಯ ಮರಳಿನ ಮೇಲೆ ನಡೆದೇ ಮನೆ ಸೇರಿದರು. ‘ಜೀವನಸ್ಮೃತಿ’ಯಲ್ಲಿ ಇದನ್ನೆಲ್ಲ ಅವರು ಬರೆದಿಟ್ಟಿದ್ದಾರೆ.

ಇಲ್ಲಿಯೇ ಬರೆದ ನಾಟಕ ‘ಪ್ರಕೃತಿರ ಪ್ರತಿಶೋಧ’. ಎಲ್ಲ ಬಂಧನಗಳನ್ನೂ ಕಡಿದುಕೊಂಡು ಜಗತ್ತನ್ನು ಗೆದ್ದೆನೆಂದು ಬೀಗುವ ಸಂನ್ಯಾಸಿಯೊಬ್ಬನನ್ನು, ಯಾರೂ ಮುಟ್ಟದ ಅನಾಥ ಹುಡುಗಿಯೊಬ್ಬಳ ಮಮತೆ ಮತ್ತೆ ಮನುಷ್ಯರ ನಡುವೆ ಎಳೆದು ತರುತ್ತದೆ. ತಮ್ಮ ಮುಂದಿನ ಬರವಣಿಗೆಗೆಲ್ಲ ಇದೇ ಪೀಠಿಕೆಯೆಂದು ಕವಿ 50ರ ವಯಸ್ಸಿನಲ್ಲಿ ಹಿಂತಿರುಗಿ ನೋಡಿ ಹೇಳಿದರು. ಜಡ್ಜರ ಮನೆಯಲ್ಲಿ ಪದವಿಯಿಲ್ಲದ ತಮ್ಮ ಇದನ್ನು ಬರೆಯುತ್ತ ಕುಳಿತಾಗ, ಮತ್ತೆ ಲಂಡನ್ನಿಗೆ ಹೋಗಿ ಬ್ಯಾರಿಸ್ಟರಾಗುವ ಯೋಚನೆ ಮುಗಿದುಹೋಗಿತ್ತು.

ಹಿಂದಿರುಗುವಾಗ ಹಡಗಿನಲ್ಲೇ ಆ ನಾಟಕಕ್ಕೆ ಕೆಲವು ಹಾಡುಗಳನ್ನು ಕಟ್ಟಿದರು. ಮೊದಲನೆಯ ಹಾಡನ್ನು ಡೆಕ್ಕಿನ ಮೇಲೆ ಕುಳಿತು, ರಾಗ ಕೂಡಿಸುತ್ತ, ತಮ್ಮಷ್ಟಕ್ಕೆ ಹಾಡಿಕೊಂಡರಂತೆ.